ಅಂಕಿಸೆಟ್ಟಿಯ ನೀಲಮಣಿ

ನಮ್ಮ ಮನೆತನ ಬಿಳಿಗೆರೆದುರ್ಗದ ಅರಮನೆಗೆ ಏಳು ತಲೆಮಾರು ರತ್ನಪರೀಕ್ಷೆ ಮಾಡಿಕೊಟ್ಟ ಮನೆತನ. ಆ ಏಳು ತಲೆಮಾರಿನಲ್ಲಿ ಒಂದು ಕಲ್ಲಿನ ವಿಷಯದಲ್ಲೂ ನಮ್ಮವರ ಮಾತು ಸುಳ್ಳಾಗಲಿಲ್ಲ. ಒಬ್ಬರೂ ಸಭೆಗೆ ತಡವಾಗಿ ಹೋಗಲಿಲ್ಲ. ಮೂರನೆಯ ತಲೆಮಾರಿನ ಪಾಯಣ್ಣನವರಿಗೆ ಕಣ್ಣು ಮಂಜಾದಾಗ ಅವರ ಹೆಂಡತಿ ಮರುದೇವಮ್ಮನವರು ಆ ಜಾಗದಲ್ಲಿ ಕುಳಿತರು. ಇದು ಅವರ ಕತೆ. ಬೇರೆಯವರು ಹೇಳುವಾಗ ಇದಕ್ಕೆ ಒಂದು ಮಾಯದ ಕನ್ನಡಿಯನ್ನೂ ಮಾತನಾಡುವ ಗಿಳಿಯನ್ನೂ ಸೇರಿಸುತ್ತಾರೆ. ಅವೆರಡೂ ಇರಲಿಲ್ಲ.

ಒಂದು ಬೆಳಿಗ್ಗೆ ಅಂಕಿಸೆಟ್ಟಿ ಎಂಬ ಪರಸ್ಥಳದ ವ್ಯಾಪಾರಿ ಸಭೆಗೆ ಬಂದ. ನೆಲ್ಲಿಕಾಯಿ ಗಾತ್ರದ, ಚೌಕವಾಗಿ ಸಾಣೆ ಹಿಡಿದ ಒಂದು ಕಲ್ಲನ್ನು ಬೆಳ್ಳಿಯ ಪೀಠದಲ್ಲಿ ಕೂರಿಸಿ, ಸಿಂಹಾಸನದ ಎದುರಿಗೆ ಅಳೆದು ನೋಡಿ ಇಟ್ಟ.

"ಇಂಥ ನೀಲ ಭೂಮಿಯ ಮೇಲೆ ಇನ್ನೊಂದಿಲ್ಲ, ಮಹಾಪ್ರಭು! ಇದನ್ನು ನೀಲವಲ್ಲ ಎನ್ನುವವನ ಕಣ್ಣಿಗೆ ನಾನೇ ಔಷಧಿ ಕೊಡಿಸುತ್ತೇನೆ."

ದೊರೆ ಬೊಮ್ಮಣ್ಣ ನಾಯಕರು ಮುಂದಕ್ಕೆ ಬಾಗಿದರು. ಅದು ನಾಲ್ಕೂ ಕಡೆ ತೆರೆದ ಸಭಾಮಂಟಪ. ಎಳೆಬಿಸಿಲಿನಲ್ಲಿ ಕಲ್ಲು ಶಂಖಪುಷ್ಪದ ಹಾಗೆ ಹೊಳೆಯುತ್ತಿತ್ತು.

"ಏನು ಕೇಳುತ್ತೀಯೋ ಸೆಟ್ಟಿ?"

"ತಮ್ಮ ಲಾಯದ ಎರಡು ಬಿಳಿ ಕುದುರೆ ಸಾಕು, ಮಹಾಪ್ರಭು. ಆದರೆ ಒಂದು ನಿಯಮ. ಇದು ಶನಿಮಹಾತ್ಮನ ಕಲ್ಲು. ವ್ಯಾಪಾರ ಮುಗಿಯುವ ತನಕ ಯಾರೂ ಮುಟ್ಟಬಾರದು, ತಿರುಗಿಸಬಾರದು. ಅಲುಗಿಸಿದವರಿಗೆ ಏಳೂವರೆ ವರ್ಷ ಶನಿಕಾಟ!"

ಶನಿ ಎಂದ ಕೂಡಲೇ ಮುಂದೆ ಕುಳಿತವರೆಲ್ಲ ಕಾಲು ಹಿಂದಕ್ಕೆ ಎಳೆದುಕೊಂಡರು.

ಎಡಗಡೆಯ ಸಾಲಿನಲ್ಲಿ ಮೊದಲ ಜಾಗ ಮರುದೇವಮ್ಮನವರದು. ಅವರು ಕುಳಿತಲ್ಲಿಂದ ಕಲ್ಲಿನ ಪಕ್ಕದ ಮುಖ ಕಾಣುತ್ತಿತ್ತು. ನಾಯಕರು ಅವರ ಕಡೆ ತಿರುಗಿದರು.

"ಏನಮ್ಮಾ, ನೀಲ ಹೇಗಿದೆ?"

"ನೀಲ ಎಲ್ಲಿದೆ, ಪ್ರಭು?"

"ಕಣ್ಣೆದುರಿಗೇ ಇದೆಯಲ್ಲ!"

"ನನ್ನ ಕಣ್ಣೆದುರಿಗೆ ಇರುವುದು ಹಳದಿ ಕಲ್ಲು. ತಿಳಿನೀರಿಗೆ ಚಿಟಿಕೆ ಅರಿಸಿನ ಹಾಕಿದ ಹಾಗಿದೆ."

ಸಭೆ ಗೊಳ್ಳೆಂದು ನಕ್ಕಿತು. ನಾಯಕರ ಮುಖ ಕೆಂಪಾಯಿತು. ಮರುದೇವಮ್ಮನವರ ಪಕ್ಕದಲ್ಲೇ ಅರಮನೆಯ ಪತ್ರ ಬರೆಯುವ ರಾಯಸದ ತಿಮ್ಮರಸಯ್ಯ ಕುಳಿತಿದ್ದ.

"ತಿಮ್ಮರಸಯ್ಯ, ನೀನು ಹೇಳು."

ತಿಮ್ಮರಸಯ್ಯ ಕಲ್ಲನ್ನು ಒಮ್ಮೆ ನೋಡಿದ, ನಾಯಕರನ್ನು ಎರಡು ಸಲ ನೋಡಿದ. "ನೀಲಿ, ಪ್ರಭು. ಆಹಾ, ಏನು ನೀಲಿ!"

"ನನಗಂತೂ ಕಣ್ಣು ಕುಕ್ಕುವಷ್ಟು ನೀಲಿ!" ಎಂದ ಅವನಾಚೆ ಕುಳಿತಿದ್ದ ದಳವಾಯಿ. ಆ ಸಾಲಿನ ಕೊನೆಯ ತನಕ ಎಲ್ಲರಿಗೂ ನೀಲಿಯೇ ಕಂಡಿತು.

"ಗಂಡನ ಕಣ್ಣು ಹೋಯಿತು ಅಂತ ಹೆಂಡತಿಯನ್ನು ಕೂರಿಸಿದರೆ ಇವಳೂ ಕುರುಡಿ!" ನಾಯಕರು ಗುಡುಗಿದರು. "ನಿಮ್ಮ ಮನೆಯ ಕೆಲಸ ಇವತ್ತಿಗೆ ಮುಗಿಯಿತು. ಏಳು ಅಲ್ಲಿಂದ!"

ಮರುದೇವಮ್ಮನವರು ಅಳಲಿಲ್ಲ. ಏಳಲೂ ಇಲ್ಲ.

"ಆಗಲಿ, ಪ್ರಭು. ಆದರೆ ನಾನು ಕೂತಿರುವ ಈ ಜಮಖಾನೆ ನಮ್ಮ ಮಾವನವರ ತಂದೆಗೆ ತಮ್ಮ ಅಜ್ಜನವರು ಸ್ವಂತ ಕೈಯಿಂದ ಹಾಸಿ, ಒಮ್ಮೆ ತಾವೇ ಕೂತು, ಆಮೇಲೆ ಬಿಟ್ಟುಕೊಟ್ಟದ್ದು. ಎತ್ತುವುದಾದರೂ ಹಾಗೇ ಆಗಬೇಕು. ಆಳಿನ ಕೈಯಲ್ಲಿ ಎತ್ತಿಸಿದರೆ ಅರಮನೆಯ ಪದ್ಧತಿ ಏನಾಗಬೇಕು?"

"ಹಾಗೊಂದು ಪದ್ಧತಿ ಉಂಟೇ?"

"ಉಂಟು ಪ್ರಭು, ಕಡತದಲ್ಲೇ ಇದೆ!" ಎಂದ ತಿಮ್ಮರಸಯ್ಯ. ಆಕೆ ಬೇಗ ತೊಲಗಲಿ ಎಂದು ಅವನಿಗೆ ಬಹಳ ಆತುರ.

ನಾಯಕರು ಗೊಣಗುತ್ತಾ ಸಿಂಹಾಸನದಿಂದ ಇಳಿದು ಬಂದರು. ಮರುದೇವಮ್ಮನವರು ಎದ್ದು ಜಾಗ ಬಿಟ್ಟರು. ನಾಯಕರು ಹೊಟ್ಟೆ ಹಿಡಿದುಕೊಂಡು ಜಮಖಾನೆಯ ಮೇಲೆ ಕುಳಿತರು.

"ಕೂತೆ. ಸಾಕೇ?"

"ಸಾಕು. ಏಳುವ ಮುಂಚೆ ನಿಮ್ಮ ನೀಲವನ್ನು ಇನ್ನೊಮ್ಮೆ ನೋಡಿಬಿಡಿ."

ನಾಯಕರು ತಲೆಯೆತ್ತಿ ನೋಡಿದರು. ಬಾಯಿ ತೆರೆದೇ ಉಳಿಯಿತು.

"ಏ! ಯಾರು ಕಲ್ಲು ಬದಲಾಯಿಸಿದ್ದು? ಇದು ಹಳದಿ!"

"ಹಳದಿ, ಪ್ರಭು!" ಎಂದ ತಿಮ್ಮರಸಯ್ಯ.

"ಅಪ್ಪಟ ಹಳದಿ!" ಎಂದ ದಳವಾಯಿ.

ನಾಯಕರು ಸಿಂಹಾಸನಕ್ಕೆ ಓಡಿದರು. "ಇಲ್ಲ, ಇಲ್ಲ, ನೀಲಿ!"

"ನೀಲಿ, ಪ್ರಭು!"

ಮತ್ತೆ ಜಮಖಾನೆಗೆ ಓಡಿಬಂದರು. "ಹಳದಿ!"

"ಹಳದಿ, ಪ್ರಭು!"

ಅಷ್ಟರಲ್ಲಿ ಅಂಕಿಸೆಟ್ಟಿ ಪೀಠವನ್ನೂ ಬಿಟ್ಟು ಮಂಟಪದ ಮೆಟ್ಟಿಲ ಕಡೆ ಸರಿಯುತ್ತಿದ್ದ. ಕಾವಲಿನವರು ಈಟಿ ಅಡ್ಡ ಹಿಡಿದರು.

"ನಿಜವಾದ ನೀಲ ಎತ್ತಲಿಂದ ನೋಡಿದರೂ ನೀಲಿಯೇ," ಎಂದರು ಮರುದೇವಮ್ಮನವರು. "ಈ ಜಾತಿಯ ಕಲ್ಲಿಗೆ ಒಂದು ಮಗ್ಗುಲಿನಿಂದ ಒಂದು ಬಣ್ಣ, ಇನ್ನೊಂದು ಮಗ್ಗುಲಿನಿಂದ ಇನ್ನೊಂದು. ಅದರ ಹುಟ್ಟುಗುಣ ಅದು, ಕಲ್ಲನ್ನು ಬಯ್ಯಬೇಕಾಗಿಲ್ಲ. ತಿರುಗಿಸಿದರೆ ಬಯಲಾಗುತ್ತದೆ ಅಂತ ಶನಿಮಹಾತ್ಮನನ್ನು ಕಾವಲಿಗೆ ನಿಲ್ಲಿಸಿದ ಸೆಟ್ಟಿಯನ್ನು ವಿಚಾರಿಸಿಕೊಳ್ಳಿ."

ನಾಯಕರು ಏದುಸಿರು ಬಿಡುತ್ತಾ ಜಮಖಾನೆಯ ಮೇಲೆಯೇ ಕುಳಿತರು. "ಹಾಗಾದರೆ ಕಣ್ಣು ಕೆಟ್ಟದ್ದು ಯಾರಿಗಮ್ಮಾ? ನನಗೋ, ನಿನಗೋ?"

"ಇಬ್ಬರಿಗೂ ಇಲ್ಲ, ಪ್ರಭು. ತಾವು ಅಲ್ಲಿಂದ ಕಂಡದ್ದು ಹೇಳಿದಿರಿ, ನಾನು ಇಲ್ಲಿಂದ ಕಂಡದ್ದು ಹೇಳಿದೆ." ಅವರು ತಮ್ಮ ಸಾಲನ್ನು ಆ ತುದಿಯ ತನಕ ನೋಡಿದರು. "ಈ ಸಾಲಿನಲ್ಲಿ ಕೂತವರಿಗೆಲ್ಲ ಬೆಳಗಿನಿಂದ ಕಾಣಬೇಕಾಗಿದ್ದದ್ದು ಹಳದಿ. ಪಾಪ, ಕಲ್ಲು ನೋಡಲು ಇವರಿಗೆ ಪುರುಸೊತ್ತೆಲ್ಲಿ? ಪ್ರಭುಗಳ ಮುಖ ನೋಡುವುದರಲ್ಲೇ ಹೊತ್ತು ಹೋಯಿತು."

ನಾಯಕರೂ ಆ ಸಾಲನ್ನು ತುದಿಯ ತನಕ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಅವರು ನಕ್ಕರೆಂದು ತಿಮ್ಮರಸಯ್ಯನೂ ನಕ್ಕ.

"ಕೇಳಮ್ಮಾ, ಏನು ಬೇಕು? ಒಂದು ಊರು ಬರೆದುಕೊಡಲೇ? ಆ ಎರಡು ಕುದುರೆ ಕೊಡಲೇ? ಈ ತಿಮ್ಮರಸಯ್ಯನ ಪೇಟ ಬೇಕೇ?"

"ಊರು ತಮ್ಮಲ್ಲೇ ಇರಲಿ. ಕುದುರೆ ನನಗೆ ಹತ್ತಲು ಬರುವುದಿಲ್ಲ. ಪೇಟ ಅವರ ತಲೆಯ ಮೇಲೇ ಇರಲಿ, ಒಳಗೆ ಬೇರೇನೂ ಇರುವ ಹಾಗಿಲ್ಲ. ಪ್ರಭುಗಳು ಮೊದಲು ನನ್ನ ಜಮಖಾನೆಯಿಂದ ಏಳಬೇಕು."

ನಾಯಕರು ಎದ್ದು ನಿಂತರು. ಮರುದೇವಮ್ಮನವರು ಕುಳಿತು, ಸೀರೆಯ ನೆರಿಗೆ ಸರಿಮಾಡಿಕೊಂಡು, ತಲೆಯೆತ್ತಿದರು.

"ತುಂಬಿದ ಸಭೆಯಲ್ಲಿ ನನ್ನನ್ನು ಕುರುಡಿ ಎಂದಿರಿ. ಕ್ಷಮೆ ಕೇಳಿ."