ಸಂಗನಹಾಳದ ಸಿಟ್ಟಿನ ಕಲ್ಲು

ಸಂಗನಹಾಳದ ಕೆರೆಯಿಂದ ಪೇಟೆಗೆ ಬರುವ ರಸ್ತೆ ಒಂದು ಕಡೆ ಇದ್ದಕ್ಕಿದ್ದಂತೆ ಎರಡಾಗಿ, ಆಳೆತ್ತರದ ಕರಿಕಲ್ಲೊಂದನ್ನು ಬಳಸಿ ಮತ್ತೆ ಒಂದಾಗುತ್ತದೆ. ಕಂಡಕ್ಟರ್ ‘ಸಿಟ್ಟಿನ ಕಲ್ಲು, ಇಳೀರಿ’ ಎಂದು ಕೂಗಿದರೆ, ಪರಸ್ಥಳದವರು ಯಾವುದೋ ಉಗ್ರದೇವತೆ ಇರಬೇಕೆಂದು ಚಪ್ಪಲಿ ಬಿಟ್ಟು ಕೈಮುಗಿಯುವುದೂ ಉಂಟು. ದೇವತೆಯೂ ಇಲ್ಲ, ದೆವ್ವವೂ ಇಲ್ಲ. ಆ ಸಿಟ್ಟು ಒಬ್ಬ ಗ್ರಂಥಪಾಲಕರದು. ಅದೂ ಎಂಥವರದು ಅಂತೀರಿ, ಪುಸ್ತಕದ ಮೇಲೆ ಬೆಕ್ಕು ಮಲಗಿದ್ದರೆ ಅದು ಏಳುವ ತನಕ ಕಾಯುತ್ತಿದ್ದವರದು!

ಹಿಂದೆ ಒಮ್ಮೆ, ಊರಿಗೆ ಇನ್ನೂ ಕರೆಂಟು ಬಾರದ ಕಾಲದಲ್ಲಿ, ಕೆರೆದಂಡೆಯ ದಿನ್ನೆಯ ಮೇಲಿದ್ದ ವಾಚನಾಲಯವನ್ನು ಫಕ್ಕೀರಯ್ಯನವರು ನೋಡಿಕೊಳ್ಳುತ್ತಿದ್ದರು. ಅವರದೊಂದು ಕಟ್ಟಳೆ. ಪುಸ್ತಕ ಹಿಂದಿರುಗಿಸುವವರು ತಮ್ಮ ಓಣಿ, ಬಾವಿ, ಹೊಲದ ಬಗ್ಗೆ ಹಿರಿಯರಿಂದ ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ತರಬೇಕು. ತರದಿದ್ದರೆ ಮುಂದಿನ ಪುಸ್ತಕವಿಲ್ಲ. ಬರೆಯಲು ಬಾರದವರನ್ನು ಅಲ್ಲೇ ಕೂರಿಸಿ ಕಲಿಸುವರು. ಹೀಗೆ ಅರ್ಧ ಊರು ಅಕ್ಷರ ಕಲಿಯಿತು, ಊರಿನ ಚರಿತ್ರೆ ಮೂರು ಟ್ರಂಕು ತುಂಬಿತು. ಒಮ್ಮೆ ಮಡಿವಾಳರ ಗಂಗವ್ವ ಬರೆದು ತಂದಳು: ‘ನಮ್ಮವ್ವ ಅರಿವಿ ಒಗಿಯೋ ಕಲ್ಲಿನ ಕೆಳಗ ಕೈಯಾಡಿಸಿದರ ಅಕ್ಷರ ಸಿಗತಾವ.’ ಮಗುಚಿ ನೋಡಿದರೆ ಒಂಬೈನೂರು ವರ್ಷದ ಶಾಸನ! ಈ ದಿನ್ನೆ ಮಕ್ಕಳ ಓದಿಗೆ ಬಿಟ್ಟ ನೆಲವೆಂದು ಅದರಲ್ಲಿ ಬರೆದಿತ್ತು.

ಅದೇ ದಿನ್ನೆಯ ಮೇಲೆ ಊರಿನ ಅಧ್ಯಕ್ಷ ಬಸವಂತಗೌಡನಿಗೆ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆ ಕಟ್ಟಬೇಕಿತ್ತು. ಅಂದಿನಿಂದ ಒಂಬತ್ತನೆಯ ದಿನ ಈ ಶಾಸನದ ಕಲ್ಲನ್ನು ಒಡೆದು ಅಡಿಪಾಯಕ್ಕೆ ಹಾಕಿ, ವಾಚನಾಲಯ ಕೆಡವುವುದೆಂದು ಅಪ್ಪಣೆಯಾಯಿತು. ಫಕ್ಕೀರಯ್ಯನವರು ಶಾಸನ ಓದಿ ತೋರಿಸಿದರೆ ಗೌಡ ನಕ್ಕುಬಿಟ್ಟ. “ಅಯ್ಯಾರ, ಇದನ್ನ ಓದಾವರು ಊರಾಗ ನೀವೊಬ್ಬರ. ನಿಮಗ ಬೇಕಾದ್ದನ್ನ ಕಲ್ಲಿನ ಬಾಯಾಗ ಹಾಕಿದ್ರ ನಾವು ನಂಬಬೇಕೇನ್ರಿ?”

ಸುಳ್ಳುಗಾರ ಎಂದದ್ದು! ಅಯ್ಯನವರ ಕಿವಿ ಕೆಂಪಾಯಿತು. ಮರುದಿನವೇ ಪುಸ್ತಕದ ಕಪಾಟುಗಳಿಗೆ ಬೀಗ ಬಿತ್ತು. ಗೋಡೆಯ ಮೇಲೆ ಇದ್ದಿಲಿನಲ್ಲಿ ಕಲ್ಲಿನ ಹಳೆಯ ಅಕ್ಷರಗಳನ್ನು ಬರೆದು ಗುಡುಗಿದರು: “ಇವನ್ನ ಓದಾಕ ಬರೋ ತನಕ ಯಾರಿಗೂ ಪುಸ್ತಕ ಇಲ್ಲ! ಒಂಬತ್ತುನೂರು ವರ್ಷ ನಿಮ್ಮ ಹಿರಿಯರು ಬರೆದಿಟ್ಟದ್ದರ ಮ್ಯಾಲೆ ಅರಿವಿ ಬಡದೀರಿ, ನಾಚಿಕಿ ಆಗಂಗಿಲ್ಲೇನು?” ಎಂಟು ದಿನ, ಸಂಜೆಯಾದರೆ ವಾಚನಾಲಯದಲ್ಲಿ ಕೂತು, ಬೈಗುಳ ತಿನ್ನುತ್ತಲೇ ಊರು ಕಲಿಯಿತು.

ಒಂಬತ್ತನೆಯ ದಿನ ಕಲ್ಲುಕುಟಿಗ ದುರಗಪ್ಪ ಸುತ್ತಿಗೆ ಎತ್ತಿ ಒಂದೇಟು ಹಾಕಿದ, ಚಕ್ಕೆಯೊಂದು ಹಾರಿತು. ಅಯ್ಯನವರು ಕಲ್ಲಿಗೆ ಅಡ್ಡ ನಿಂತು, “ಊರಿನ ಯಾರಿಂದ ಬೇಕಾದ್ರೂ ಓದಸ್ರಿ!” ಎಂದು ಚೀರಿದರು. ಜನರಿಗೆಲ್ಲ ಅಯ್ಯನವರು ಗಿಳಿಪಾಠ ಮಾಡಿಸಿದ್ದಾರೆಂದು ಗೌಡನಿಗೆ ಅನುಮಾನ. “ಹಂಗಾದ್ರ ನಮ್ಮ ದುರಗ್ಯಾ ಓದಲಿ. ಅಂವ ಓದಿದ್ರ ದಿನ್ನಿ ನಿಮ್ಮದು” ಎಂದು ಮೀಸೆ ತಿರುವಿದ. ಎಂಟೂ ಸಂಜೆ ಆತ ಹಿಂದಿನ ಸಾಲಿನಲ್ಲಿ ಕುಳಿತದ್ದು ಗೌಡನಿಗೇನು ಗೊತ್ತು? ದುರಗಪ್ಪ ಸುತ್ತಿಗೆ ಕೆಳಗಿಟ್ಟು, ಬೆರಳಿಟ್ಟು ಓದಿದ: “ಮಕ್ಕಳ... ಓದಿಂಗೆ... ಬಿಟ್ಟ ಭೂಮಿ.” ಆಮೇಲೆ ತಲೆಯೆತ್ತದೆ, “ಅಯ್ಯಾರು ಸುಳ್ಳು ಹೇಳಿಲ್ರಿ, ಗೌಡ್ರ” ಎಂದ.

ದಿನ್ನೆ ಉಳಿಯಿತು, ಸಿಟ್ಟು ಇಳಿಯಲಿಲ್ಲ. ಗೌಡನ ಗಾಡಿಗಳು ದಿನವೂ ಬಳಸಿ ಹೋಗಲಿ ಎಂದು ಫಕ್ಕೀರಯ್ಯನವರು ಕಲ್ಲನ್ನು ನಡುರಸ್ತೆಯಲ್ಲೇ ನೆಡಿಸಿದರು. ಇಂದಿಗೂ ಅಲ್ಲಿ ನಿಂತು ನೋಡಿದವರಿಗೆ ಆ ಏಟಿನ ಗುರುತು ಕಾಣುತ್ತದೆ. ಇಡೀ ಮುಖದ ತುಂಬ ಅಕ್ಷರಗಳಿವೆ. ದುರಗಪ್ಪನ ಸುತ್ತಿಗೆ ಬಿದ್ದದ್ದು ಮಾತ್ರ ಒಂದಕ್ಷರವೂ ಇಲ್ಲದ ಅಂಗೈಯಗಲದ ಮೂಲೆಯಲ್ಲಿ.