ಮನಿಗಲ್ಲ ದಿನ್ನಿ

ಹೊನ್ನಕುಣಿಯ ಬಸ್ಸು ಹಳೆಯ ಗಣಿಯ ಮುರುಕು ಗೇಟಿನ ಮುಂದೆ ನಿಲ್ಲುತ್ತದೆ. ಇಳಿದು ಎಡಕ್ಕೆ ನೋಡಿದರೆ ಜಾಲಿ ಬೆಳೆದ ಬಯಲು, ಅದರ ಆಚೆ ಆಳೆತ್ತರ ಮೀರಿದ ಒಂದು ಮಣ್ಣಿನ ದಿನ್ನಿ. ಬಯಲಿನಲ್ಲಿ ಮೂರು ಚಪ್ಪಟೆ ಕಲ್ಲುಗಳು ನೆಲಮಟ್ಟಕ್ಕೆ ಹೂತಿವೆ. ನಾಲ್ಕನೆಯದು ಇರಬೇಕಾದಲ್ಲಿ ಬರಿಯ ತಗ್ಗು. ದಿನ್ನಿಯ ನೆತ್ತಿಯ ಮೇಲೆ ಐದು ಮೂಲೆಯ ಕಲ್ಲೊಂದು ಮಲಗಿದೆ, ಸುತ್ತ ಹಸಿರು ಬಳೆಚೂರುಗಳು. ಹೊರಗಿನಿಂದ ಬಂದವರು ಇದನ್ನು ಕಂಡು ತಮಗೆ ತೋಚಿದ್ದನ್ನು ಹೇಳಿ ಹೋಗುತ್ತಾರೆ. ಪಂಚಪಾಂಡವರು ಕೂತು ಉಂಡ ಕಲ್ಲು ಎಂದು ಮಹಾಶಯರೊಬ್ಬರು ಪತ್ರಿಕೆಯಲ್ಲೇ ಬರೆದುಬಿಟ್ಟರು. ಪಾಂಡವರಿಗೆ ನಮ್ಮ ನಾಡಿನಲ್ಲಿ ಉಣ್ಣುವುದು, ಮಲಗುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲವೇನೋ! ಪಾಂಡವರೂ ಇಲ್ಲ, ಗೀಂಡವರೂ ಇಲ್ಲ. ಅದು ಮನಿಗಲ್ಲು, ಅದು ಇರುವ ಜಾಗ ಮನಿಗಲ್ಲ ದಿನ್ನಿ. ಹೆಸರು ಬಂದದ್ದು ಮಕ್ಕಳ ಆಟದಿಂದ. ಹಿರಿಯರಿಂದ ನಾನು ಕೇಳಿದ್ದನ್ನು ಕೇಳಿದಂತೆಯೇ ಹೇಳುತ್ತೇನೆ.

ಹಿಂದೆ ಒಮ್ಮೆ, ನಮ್ಮ ಅಜ್ಜಂದಿರ ಕಾಲದಲ್ಲಿ, ಇಲ್ಲಿ ಚಿನ್ನದ ಗಣಿ ಭರದಿಂದ ನಡೆದಿತ್ತಂತೆ. ಯಂತ್ರ ಕೂಡಿಸಲು ಅಮೆರಿಕೆಯಿಂದ ಬಂದ ಸಾಹೇಬನೊಬ್ಬ ಕೂಲಿಕಾರರ ಮಕ್ಕಳಿಗೆ ಬೇಸ್‌ಬಾಲ್ ಕಲಿಸಿದ. ಅವನು ಹೋದ, ಆಟ ಉಳಿಯಿತು. ಉಳಿಸಿದವನು ಗಣಿಯ ಬಡಿಗ ಮೌನಪ್ಪ. ಸುರಂಗಕ್ಕೆ ಆಸರೆ ಕೊಡುವ ಮರದ ತುಂಡಿನಿಂದಲೇ ದಾಂಡು ಕೆತ್ತಿದ, ಚಿಂದಿ ಸುತ್ತಿ ಮೇಲೆ ಚರ್ಮ ಹೊಲಿಸಿ ಚೆಂಡು ಮಾಡಿಸಿದ. ಮೇಲಿನ ಲೈನು, ಕೆಳಗಿನ ಲೈನು, ಬಡಿಗೇರ ಲೈನು, ಬಜಾರ ಎಂದು ಗಣಿಯವರ ಮನೆಸಾಲಿಗೊಂದು ಮಕ್ಕಳ ತಂಡ ಕಟ್ಟಿ ಬೇಸಿಗೆಗೊಂದು ಲೀಗು ನಡೆಸತೊಡಗಿದ. ಚೆಂಡು ಹೊಡೆದವನು ಮೂರು ಕಲ್ಲು ಸುತ್ತಿ, ತಾನು ಹೊಡೆದ ಜಾಗದಲ್ಲೇ ಇರುವ ಐದು ಮೂಲೆಯ ಕಲ್ಲಿಗೆ ಮರಳಬೇಕು, ಅದೇ ಮನಿ, ಅಂದರೆ ಮನೆ. ನಡುದಾರಿಯಲ್ಲಿ ಚೆಂಡು ತಾಗಿಸಿದರೆ ಔಟು. ಮನಿ ಮುಟ್ಟಿದವನನ್ನು ಯಾರೂ ಏನೂ ಮಾಡುವಂತಿಲ್ಲ. ತೀರ್ಪು ಮೌನಪ್ಪನದು: ಮುಷ್ಟಿ ಎತ್ತಿದರೆ ಔಟು, ಎರಡೂ ಕೈ ಅಗಲಿಸಿದರೆ ಹುಡುಗ ಉಳಿದ. ಸ್ವಂತ ಮಗನನ್ನೇ ಔಟು ಮಾಡಿ ಹೆಂಡತಿಯ ಕೈಲಿ ವಾರಗಟ್ಟಲೆ ಬೈಸಿಕೊಂಡ ಆಸಾಮಿ ಅವನು! 'ಮೌನಪ್ಪ ಕೈ ಎತ್ತಿದ ಮ್ಯಾಲ ಮುಗೀತು' ಎಂಬ ಮಾತು ಊರ ಜಗಳಗಳಲ್ಲೂ ನಡೆಯುತ್ತಿತ್ತು ಎನ್ನುತ್ತಾರೆ.

ಒಂದು ವರ್ಷ ಲೀಗಿನ ಕೊನೆಯ ಪಂದ್ಯ. ಮೇಲಿನ ಲೈನಿನ ಹುಡುಗ ದ್ಯಾವಣ್ಣ ಮೂರನೆಯ ಕಲ್ಲಿನ ಮೇಲೆ ನಿಂತು ಮನಿಗೆ ಓಡಲು ಕಾದಿದ್ದಾಗ, ಗಣಿಯ ಸೈರನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಬಯಲಿನ ಪಕ್ಕದಲ್ಲೇ ಗಣಿಗೆ ಇಳಿಯುವ ಬಾವಿ; ಅದರ ಬಾಯಿಂದ ಕರಿಹೊಗೆ. ಕೆಳಗೆ ಆಸರೆಯ ಮರಗಳಿಗೆ ಬೆಂಕಿ ಹತ್ತಿತ್ತು. ಮೇಲಿನ ಲೈನಿನ ಗಂಡಸರು ಬಹಳ ಮಂದಿ ಒಳಗಿದ್ದರು; ದ್ಯಾವಣ್ಣನ ಅಪ್ಪ ಈರಣ್ಣನೂ ಇದ್ದ. ಬಿಡಿಸಲು ಇಳಿದವರು ಹೊಗೆ ತಾಳದೆ ಹಿಂದಿರುಗಿದರು. ಹೆಂಗಸರು ಎದೆ ಬಡಿದುಕೊಳ್ಳುತ್ತ ಬಾವಿಯ ಸುತ್ತ ಕೂತರು. ಮಕ್ಕಳು ಏನು ಮಾಡಿದರು ಗೊತ್ತೇ? ಬಯಲಿಗೆ ಓಡಿ, ಉಗುರು ಕಿತ್ತುಬರುವಂತೆ ಮಣ್ಣು ಬಗೆದು, ಮನಿಯ ಕಲ್ಲನ್ನು ಎಬ್ಬಿಸಿ, ಎಲ್ಲರೂ ಕೂಡಿ ಹೊತ್ತು ತಂದು ಬಾವಿಯ ಬಾಯಿಗೆ ಇಟ್ಟರು. 'ಯಾಕ್ರೋ ಇದು?' ಎಂದು ಮೌನಪ್ಪ ಕೇಳಿದ್ದಕ್ಕೆ ದ್ಯಾವಣ್ಣ, 'ಅಪ್ಪಗ ದಮ್ಮಿನ ರೋಗ ಐತಿ ಕಾಕಾ, ಬಾಳ ದೂರ ಓಡಾಕ ಆಗಂಗಿಲ್ಲ. ಮ್ಯಾಲ ಬಂದಕೂಡ್ಲೆ ಮನಿ ಸಿಗ್ಲಿ' ಎಂದನಂತೆ. ಇದನ್ನು ಹೇಳುವಾಗ ನನ್ನ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ನನಗೂ ಮುಂದಿನದು ಹೇಳಲು ಕಷ್ಟವೇ.

ಯಾರೂ ಮೇಲೆ ಬರಲಿಲ್ಲ. ಮರುದಿನ, ಒಳಗೆ ಗಾಳಿ ಹೋದರೆ ಬೆಂಕಿ ಇಡೀ ಗಣಿಯನ್ನು ನುಂಗುತ್ತದೆ, ಬಾವಿಯ ಬಾಯಿ ಮುಚ್ಚಿ ಎಂದು ಮ್ಯಾನೇಜರ್ ಅಪ್ಪಣೆ ಮಾಡಿದ. ಹಲಗೆ ಬಡಿಯಬೇಕಾದವನು ಯಾರು? ಗಣಿಯ ಬಡಿಗ, ಮೌನಪ್ಪನೇ. ಬಾಯಿ ಮುಚ್ಚಿದ ಮೇಲೆ ಇನ್ನೇನು ಆಸೆ ಎಂದು ಲೈನಿನ ಹಿರಿಯರು ಆ ಹೆಂಗಸರ ಬಳೆ ಒಡೆಸಲು ಬಂದರು. ದ್ಯಾವಣ್ಣನ ತಾಯಿ ತಿಮ್ಮವ್ವ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, 'ಹೆಣ ತೋರಿಸ್ರಿ, ಆಮ್ಯಾಲ ಒಡೀರಿ' ಎಂದು ಹಟ ಹಿಡಿದಳು. ಆಗ ಹುಡುಗ ಮೌನಪ್ಪನ ಮುಂದೆ ಬಂದು ನಿಂತ. 'ಕಾಕಾ, ನಮ್ಮಪ್ಪ ಔಟೋ, ಅಲ್ಲೋ? ನೀ ಹೇಳು.' ಅಷ್ಟು ಜನವೂ ಮೌನಪ್ಪನ ಕೈಯನ್ನೇ ನೋಡಿದರಂತೆ. ಒಳಗಿನ ಮರ ಅವನೇ ನಿಲ್ಲಿಸಿದ್ದು; ಅದು ಉರಿದರೆ ಏನಾಗುತ್ತದೆಂದು ಅವನಿಗಿಂತ ಬಲ್ಲವರಿರಲಿಲ್ಲ. ಸುತ್ತಿಗೆ ಕೆಳಗಿಟ್ಟ. ಎರಡೂ ಕೈ ಅಗಲಿಸಿದ. ಹಿರಿಯರು ಬಳೆ ಒಡೆಸದೆ ಹೊರಟುಹೋದರು. ಆಮೇಲೆ ಅವೇ ಕೈಗಳಿಂದ ಹಲಗೆ ಬಡಿದ. ಮೇಲೆ ಮಣ್ಣು ಸುರಿದು ಸುರಿದು ದಿನ್ನಿಯಾಯಿತು, ಮಕ್ಕಳು ತಂದ ಕಲ್ಲನ್ನು ಅದರ ನೆತ್ತಿಗೆ ಅವನೇ ಕೂಡಿಸಿದ.

ಲೀಗು ಅಲ್ಲಿಗೇ ನಿಂತಿತು. ಮನಿಯೇ ಇಲ್ಲದ ಮೇಲೆ ಎಂಥ ಆಟ? ಆ ಹೆಂಗಸರ ಬದುಕೂ ಅಲ್ಲೇ ನಿಂತಿತು, ಅಯ್ಯೋ. ಅವರಲ್ಲಿ ಗಂಡ ಸತ್ತವಳಿಗೆ ಉಡಕಿ, ಅಂದರೆ ಮರುಮದುವೆ ಇತ್ತು. ತಿಮ್ಮವ್ವನ ತಮ್ಮ ಒಳ್ಳೆಯ ಗಂಡೊಂದನ್ನು ನೋಡಿಕೊಂಡೂ ಬಂದ. ಆದರೆ ಅವಳ ಗಂಡ ಔಟಾಗಿರಲಿಲ್ಲವಲ್ಲ! ಪ್ರತಿ ಹಬ್ಬಕ್ಕೂ ಹೊಸ ಹಸಿರು ಬಳೆ ಇಡಿಸಿಕೊಂಡು ಕೂತಳು, ತಲೆ ನರೆಯಿತು. ಒಂದು ದಿನ ಮೌನಪ್ಪನ ಅಂಗಳಕ್ಕೇ ಬಂದು, 'ಅಣ್ಣಾ, ಅವತ್ತ ನೀ ಮುಷ್ಟಿ ಎತ್ತಿದ್ದರ ಅತ್ತು ಹಗುರಾಗ್ತಿದ್ದೆ. ಈಗ ಅಳಾಕೂ ಬರವಲ್ದು. ಆ ಮಾತು ತಿರುಗಿ ತಗೋ' ಎಂದು ಬೇಡಿದಳಂತೆ. ಮುದುಕ ತಲೆ ಎತ್ತಲಿಲ್ಲ. 'ಕೊಟ್ಟ ತೀರ್ಪು ತಿರುಗಿ ತಗಳ್ಳಾಕ ಬರಂಗಿಲ್ಲ, ತಂಗಿ' ಎಂದಷ್ಟೇ ಹೇಳಿದ. ಕರುಣೆಯಿಂದ ಕೊಟ್ಟ ತೀರ್ಪು ಹೌದು, ಆದರೆ ನನ್ನನ್ನು ಕೇಳಿದರೆ ಅದು ಆ ಬಡಪಾಯಿ ಹೆಂಗಸಿಗೆ ಮಾಡಿದ ಘಾತವೂ ಹೌದು. ಕೊನೆಗೆ ಮೌನಪ್ಪ ತೀರಿಕೊಂಡ; ತೀರ್ಪು ಹಿಡಿದವನೇ ಇಲ್ಲವಾದ. ಅವನನ್ನು ಮಣ್ಣು ಮಾಡಿ ಜನ ಮರಳುವಾಗ ತಿಮ್ಮವ್ವ ಒಬ್ಬಳೇ ದಿನ್ನಿ ಏರಿ, ಕಲ್ಲಿಗೆ ಎರಡೂ ಕೈ ಅಪ್ಪಳಿಸಿ ಬಳೆ ಒಡೆದುಕೊಂಡಳು. ಅವಳ ಅಳು ಲೈನಿನ ಕೊನೆಯ ಮನೆಯವರೆಗೂ ಕೇಳಿಸಿತು ಎನ್ನುತ್ತಾರೆ. ಅವಳ ಹಿಂದೆಯೇ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಏರಿದರು.

ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಆಟ ಮಾತ್ರ ಹೇಗೋ ಮತ್ತೆ ಚಿಗುರಿದೆ. ಸಂಜೆ ಹೊತ್ತು ಹೋದವರಿಗೆ ಕಾಣುತ್ತದೆ: ಚೆಂಡು ಹೊಡೆದ ಹುಡುಗ ಒಂದು, ಎರಡು, ಮೂರು ಕಲ್ಲು ಮುಟ್ಟಿ, ಬಯಲನ್ನೇ ಬಿಟ್ಟು ಏದುಸಿರು ಬಿಡುತ್ತ ದಿನ್ನಿ ಏರುತ್ತಾನೆ. ಚೆಂಡು ಹಿಡಿದವರು ದಿನ್ನಿಯ ಬುಡದಲ್ಲೇ ನಿಂತುಬಿಡುತ್ತಾರೆ. ಅಲ್ಲಿ ಯಾರನ್ನೂ ಔಟು ಮಾಡುವ ಪದ್ಧತಿ ಇಲ್ಲ. ಏರಿದ ಹುಡುಗ ಬಗ್ಗಿ ಕಲ್ಲನ್ನು ಕೈಯಿಂದ ಮುಟ್ಟುತ್ತಾನೆ. ಕಾಲಿಡಲು ಅಲ್ಲಿ ಜಾಗವಿಲ್ಲ, ಬಳೆಚೂರು ಚುಚ್ಚುತ್ತವೆ.