ಬೆಟ್ಟಯ್ಯನ ಇಂಗ್ಲಿಷೂ ಹೆಣ್ಣಿನ ಅಪ್ಪಂದಿರೂ

ಹತ್ರ ಬಂದು ಕೂತ್ಕೊಳ್ಳಿ, ನಗು ಬಂದ್ರೆ ತಡ್ಕೋಬೇಡಿ. ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ, ಇದ್ದೋನೊಬ್ಬನೇ ಮಗ ಬೆಟ್ಟಯ್ಯ. ಆಳು ಬಾಗಿಲು ತುಂಬಾ ಇದ್ದ, ತಲೇಲಿ ಮಾತ್ರ ಏನೂ ಇರಲಿಲ್ಲ! ಹೇಳಿದ್ದನ್ನ ಹೇಳಿದಂಗೆ ಮಾಡೋನು, ಅದೇ ಅವನ ರೋಗ. ಇಂಥೋನಿಗೆ ಹೆಣ್ಣು ಕೊಡೋರು ಯಾರು? ತಾನು ಕಣ್ಣು ಮುಚ್ಚೋದ್ರೊಳಗೆ ಇವನದೊಂದು ಮದುವೆ ಆಗಿಬಿಡಲಪ್ಪ ಅಂತ ಆ ತಾಯಿ ಕೊರಗಿ ಕೊರಗಿ, ಕೊನೆಗೆ ಒಂದು ಸುಳ್ಳು ಹಬ್ಬಿಸಿದಳು. "ನನ್ನ ಮಗ ಇಂಗ್ಲಿಷ್ ಮಾತಾಡ್ತಾನೆ ಕಣ್ರೀ!"

ಸುಳ್ಳು ಹಬ್ಬಿದ್ದೇ ತಡ, ಹೆಣ್ಣಿನಪ್ಪ ಒಬ್ಬ ಗಂಡು ನೋಡೋಕೆ ಹೊರಟೇಬಿಟ್ಟ. ದೊಡ್ಡತಾಯಮ್ಮ ಗಾಬರಿಬಿದ್ದು ಅಣ್ಣ ಜವರಯ್ಯನ ಹತ್ರ ಓಡಿದಳು. ಅವನು ದೊರೆಗಳ ಬಂಗಲೇಲಿ ಬಟ್ಲರ್ ಆಗಿದ್ದೋನು.

"ಇಷ್ಟಕ್ಕೇ ಅಳ್ತೀಯಾ?" ಅಂದ ಜವರಯ್ಯ. ಆಮೇಲೆ ಬೆಟ್ಟಯ್ಯನ್ನ ಕರೆದು ಕೂರಿಸಿಕೊಂಡ. "ಅಳಿಯಾ, ಊಟ ಮಾಡು, ಸ್ನಾನ ಮಾಡು, ನಿದ್ದೆ ಮಾಡು, ನಮ್ಮದೆಲ್ಲಾ 'ಮಾಡು' ತಾನೇ? 'ಮಾಡು' ಅಂದ್ರೆ 'ಡೂ'. ಅದರ ಬಾಲಕ್ಕೆ ಸಾಮಾನಿನ ಹೆಸರು ಕಟ್ಟು, ಇಂಗ್ಲಿಷ್ ಆಯ್ತು!"

ಹೆಣ್ಣಿನಪ್ಪ ಬೆವರು ಒರೆಸಿಕೊಂಡು ಜಗಲಿ ಹತ್ತಿದ. ಬೆಟ್ಟಯ್ಯ ಎದೆ ಉಬ್ಬಿಸಿ, "ಡೂ ಬಾತ್!" ಅಂದ. ಅವನು ತಬ್ಬಿಬ್ಬಾದ. "ಡೂ ಫುಡ್! ಡೂ ಸ್ಲೀಪ್!"

"ಅಡುಗೇನೂ ನಾನೇ ಮಾಡ್ಕೋಬೇಕಾ? ಇದೇನ್ ಮನೇನೋ ಮಿಲಿಟರೀನೋ!" ಅಂತ ಅವನು ಬಂದ ದಾರಿ ಹಿಡಿದ.

ಜವರಯ್ಯ ಹಲ್ಲು ಕಡಿದ. "ಲೋ ಪೆದ್ದೇ! ಬಂದೋರ ಮೇಲೆ ಹಂಗೆ ಜೋರು ಮಾಡ್ತಾರೇನೋ? 'ಟೇಕ್' ಅನ್ಬೇಕು. ತಗೊಳ್ಳಿ ಅಂತ. ಟೇಕ್ ಟೀ, ಟೇಕ್ ರೆಸ್ಟ್!"

"ಆಗ್ಲಿ ಮಾವ!"

ಮುಂದಿನೋರು ಒಬ್ಬ ಕಾಂಪೌಂಡರ್. ಅವರು ಕೂತ್ರು. ಬೆಟ್ಟಯ್ಯ "ಟೇಕ್ ಟೀ" ಅಂದ. ಕುಡಿದ್ರು. "ಟೇಕ್ ಲೋಟ" ಅಂದ. ಬ್ಯಾಗಿಗೆ ಹಾಕ್ಕೊಂಡ್ರು. "ಟೇಕ್ ಚೇರ್!" ಎತ್ತಿಕೊಂಡ್ರು. "ಟೇಕ್ ಕೌ!" ಕೊಟ್ಟಿಗೆಗೆ ಹೋಗಿ ಹಗ್ಗ ಬಿಚ್ಚೇಬಿಟ್ರು! ಪ್ರೀತಿಯಿಂದ ಕೊಡೋವಾಗ ಬೇಡ ಅನ್ನೋಕಾಗುತ್ತಾ? ದೊಡ್ಡತಾಯಮ್ಮ ಸೆರಗು ಕಟ್ಟಿಕೊಂಡು ಓಡಿ, ಊರ ಬಾಗಿಲಲ್ಲಿ ಅವರನ್ನ ಅಡ್ಡಗಟ್ಟಿ ಹಸು ಬಿಡಿಸಿಕೊಂಡು ಬಂದಳು. ಕುರ್ಚಿ ಹೋಯ್ತು. ಸಂಬಂಧಾನೂ ಹೋಯ್ತು.

"ಮನೆ ತೊಳೆದುಬಿಟ್ಯಲ್ಲೋ!" ಅಂತ ತಾಯಿ ಬಾಯಿ ಬಡ್ಕೊಂಡಳು. ಜವರಯ್ಯ ಅಂದ, "ಇನ್ಮೇಲೆ ಟೇಕ್ ಅಂದ್ರೆ ಕಾಲು ಮುರೀತೀನಿ! 'ಗಿವ್' ಅನ್ನು, ಕೊಡಿ ಅಂತ. ಮನೆ ಸಾಮಾನಾದ್ರೂ ಉಳಿಯುತ್ತೆ."

"ಆಗ್ಲಿ ಮಾವ!"

ಈ ಸಲ ಮಾವ, ಅಳಿಯ ಇಬ್ಬರೇ ಹೆಣ್ಣಿನ ಮನೆಗೆ ಹೋದ್ರು. ಹೆಣ್ಣಿನಪ್ಪ ಮೇಷ್ಟ್ರು, ನಗ್ತಾ ನಗ್ತಾ ಒಳಗೆ ಕರೆದ್ರು. "ಗಿವ್ ಚೇರ್" ಅಂದ ಬೆಟ್ಟಯ್ಯ. ಕೊಟ್ರು. "ಗಿವ್ ಫ್ಯಾನ್. ಗಿವ್ ಟೀವಿ. ಗಿವ್ ಸೈಕಲ್!"

ಮೇಷ್ಟ್ರು ಮುಖ ಕೆಂಡ ಆಯ್ತು. "ಹೆಣ್ಣು ನೋಡೋಕೆ ಮೊದಲೇ ವರದಕ್ಷಿಣೆ ಕೇಳ್ತೀಯೇನೋ?" ಅಂತ ಬೆತ್ತ ತಗೊಂಡು ಬೀದಿ ತುದೀವರೆಗೂ ಅಟ್ಟಿದ್ರು. ಜವರಯ್ಯನಿಗೂ ಬೆನ್ನ ಮೇಲೆ ಎರಡು ಬಿತ್ತು, ಪಾಪ.

ಬೆನ್ನು ಉಜ್ಜಿಕೊಳ್ತಾ ಜವರಯ್ಯ ಹೇಳಿದ, "ಇದೇ ಕೊನೆ ಕಣೋ! ಹೆಣ್ಣಿನ ಕಡೆಯೋರು ಏನೇ ಕೊಡೋಕೆ ಬರ್ಲಿ, ಕೈ ಮುಗಿದು 'ಕೀಪ್' ಅನ್ನು. ನೀವೇ ಇಟ್ಕೊಳ್ಳಿ ಅಂತ ಅರ್ಥ. ಎಂಥಾ ಒಳ್ಳೆ ಗಂಡು ಅಂತ ಮೆಚ್ಕೋತಾರೆ."

"ಆಗ್ಲಿ ಮಾವ!"

ಆಮೇಲೆ ಬಂದೋರು ರೈಲ್ವೆ ಗಾರ್ಡ್ ಆಗಿದ್ದ ಮುದ್ದೇಗೌಡರು. ಒಳ್ಳೇ ಮನುಷ್ಯ. ಅಳಿಯನಿಗೆ ಅಂತ ವಾಚ್ ತಂದಿದ್ರು. "ಕೀಪ್ ವಾಚ್!" ಅಂದ ಬೆಟ್ಟಯ್ಯ, ಕೈ ಮುಗಿದು. ಉಂಗುರ ತೆಗೆದ್ರು. "ಕೀಪ್ ರಿಂಗ್!" ಸೂಟು ಹೊಲಿಸ್ತೀನಪ್ಪ ಅಂದ್ರು. "ಕೀಪ್ ಸೂಟ್!" ಗೌಡರ ಕಣ್ಣಲ್ಲಿ ನೀರು ಬಂತು. "ಈ ಕಾಲದಲ್ಲೂ ಇಂಥಾ ಹುಡುಗ ಇದ್ದಾನಲ್ಲಾ! ಅದೂ ಇಂಗ್ಲಿಷಲ್ಲಿ!" ಅಂತ ಹೊಗಳಿ ಹೊಗಳಿ ಮದುವೆ ಗೊತ್ತುಮಾಡೇಬಿಟ್ರು. ದೊಡ್ಡತಾಯಮ್ಮನಿಗೆ ಕಾಲು ನೆಲದ ಮೇಲೇ ನಿಲ್ಲಲಿಲ್ಲ.

ಮದುವೆ ದಿನ ಬಂತು. ಚಪ್ಪರ, ವಾಲಗ, ನೆಂಟರು, ಒಲೆ ಮೇಲೆ ಪಾಯಸ. ಧಾರೆ ಮುಹೂರ್ತ ಬಂತು. ಪುರೋಹಿತರು ಮಂತ್ರ ಹೇಳಿದ್ರು. ಗೌಡರು ಮಗಳ ಕೈ ಹಿಡಿದು ಬೆಟ್ಟಯ್ಯನ ಕೈಗೆ ಕೊಡೋಕೆ ಬಂದ್ರು. "ನನ್ನ ಮಗಳನ್ನ ನಿನಗೆ ಕೊಡ್ತಿದ್ದೀನಪ್ಪಾ..."

ಬೆಟ್ಟಯ್ಯ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

"ಕೀಪ್ ಡಾಟರ್! ಕೀಪ್ ಡಾಟರ್!"

ವಾಲಗ ನಿಂತುಹೋಯ್ತು. ಹುಡುಗಿ ಅಪ್ಪನ ಮುಖ ನೋಡಿ, "ಅಷ್ಟು ಮರ್ಯಾದೆಯಿಂದ ಬೇಡ ಅಂತಿದ್ದಾರಲ್ಲಪ್ಪ, ಬನ್ನಿ ಹೋಗೋಣ" ಅಂತ ಬಾಸಿಂಗ ಬಿಚ್ಚಿಟ್ಟು ಹೊರಟೇಬಿಟ್ಟಳು.

ದೊಡ್ಡತಾಯಮ್ಮ ಅಲ್ಲೇ ಕುಸಿದಳು. "ಅಯ್ಯೋ ನನ್ನ ಕರ್ಮವೇ! ಏನಂದ್ಯೋ ಪಾಪಿ?"

"ಯಾಕವ್ವ?" ಅಂದ ಬೆಟ್ಟಯ್ಯ. "ವಾಚ್ ಬೇಡ ಅಂದಿದ್ದಕ್ಕೇ ಅಷ್ಟೊಂದು ಹೊಗಳಿದ್ರು. ಇದು ವಾಚಿಗಿಂತ ದೊಡ್ಡದಲ್ವಾ? ಅದಕ್ಕೇ ಎರಡು ಸಲ ಅಂದೆ!"